ಪಟ್ಟಿ ಮುರಿದ ದಿನಗಳು

ಲಾರಿ ಎಡಕ್ಕೆ ವಾಲಿರುವುದನ್ನು ಮೊದಲು ಕಂಡವಳು ಅಂಜನಮ್ಮ. ಕೊಡಿಗೇಹಳ್ಳಿಯ ಅವರ ಮನೆಯೆದುರಿನ ಖಾಲಿ ಸೈಟಿನಲ್ಲಿ ಅದು ನಿಲ್ಲುತ್ತಿತ್ತು. ಒಂದು ಬೆಳಿಗ್ಗೆ ರಂಗೋಲಿ ಹಾಕಿ, ಸೊಂಟ ನೀವಿಕೊಂಡು ಎದ್ದು ನಿಂತಾಗ, ಸೈಟಿನ ಹಿಂದಿನ ಮನೆಯ ಕಾಂಪೌಂಡ್ ಗೋಡೆಗೂ ಲಾರಿಯ ಬಾಡಿಗೂ ಗೆರೆ ಕೂಡುತ್ತಿಲ್ಲ ಅನ್ನಿಸಿತು. ಗೋಡೆಯೇನೋ ನೆಟ್ಟಗಿತ್ತು. ರಸ್ತೆ ದಾಟಿ ಹೋಗಿ, ಹಿಂದಿನ ಚಕ್ರದ ಬಳಿ ಕುಕ್ಕರಗಾಲಲ್ಲಿ ಕೂತು, ಆಕ್ಸಲ್ಲಿಗೂ ಮೇಲಿನ ಚಾಸಿಗೂ ನಡುವೆ ಗೇಣು ಹಾಕಿ ನೋಡಿದಳು. ಬಲಗಡೆ ಗೇಣಿನ ಮೇಲೆ ಇನ್ನೂ ನಾಲ್ಕು ಬೆರಳು ಹಿಡಿಯಿತು. ಎಡಗಡೆ ಬರೀ ಗೇಣು, ಅದೂ ಬಿಗಿಯಾಗಿ.

ಲಾರಿಯ ಭಾರವನ್ನೆಲ್ಲ ಹೊರುವುದು ಚಕ್ರದ ಮೇಲಿನ ಆ ಸ್ಪ್ರಿಂಗ್ ಕಟ್ಟು. ಬಿಲ್ಲಿನಂತೆ ಬಾಗಿದ ಉಕ್ಕಿನ ಪಟ್ಟಿಗಳನ್ನು ಒಂದರ ಕೆಳಗೊಂದು ಜೋಡಿಸಿ, ನಡುವೆ ಬೋಲ್ಟು ಹಾಕಿ ಬಿಗಿದಿರುತ್ತಾರೆ. ಎಡಗಡೆಯ ಕಟ್ಟಿನಲ್ಲಿ ಬಾಗು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆಯಾಗಿತ್ತು. ಒಂದು ಕಡೆ ಪಟ್ಟಿಗೆ ಅಡ್ಡಲಾಗಿ ತುಕ್ಕಿನ ಸಣ್ಣ ಗೆರೆ ಎದ್ದಿತ್ತು. ಅಂಜನಮ್ಮ ಅದರ ಮೇಲೆ ಉಗುರು ಎಳೆದಳು. ಉಗುರು ಸಿಕ್ಕಿಕೊಂಡಿತು.

"ಆಶಾ, ಎಡಗಡೆ ಸ್ಪ್ರಿಂಗು ಕೂತೋಗೈತೆ ಕಣೆ. ಪಟ್ಟಿನೂ ಬಿರುಕು ಬಿಟ್ಟಂಗೈತೆ," ಎಂದು ಒಳಗೆ ಬಂದು ಮಗಳಿಗೆ ಹೇಳಿದಳು.

ಆಶಾರಾಣಿ ಸಹಕಾರನಗರದಲ್ಲಿ ಶಾಮಿಯಾನ, ಕುರ್ಚಿ, ಅಡುಗೆ ಪಾತ್ರೆಗಳನ್ನು ಬಾಡಿಗೆಗೆ ಕೊಡುವ ಅಂಗಡಿ ಇಟ್ಟಿದ್ದಳು. ಅಪ್ಪನ ಹಳೇ ಲಾರಿಯೇ ಅವಳ ಸಾಮಾನು ಸಾಗಿಸುತ್ತಿದ್ದದ್ದು. ಅವಳು ಡ್ರೈವರ್ ಚನ್ನಪ್ಪನನ್ನು ಕರೆದು ಕೇಳಿದಳು. ಬಾದಾಮಿ ಕಡೆಯಿಂದ ಬಂದು ಬ್ಯಾಟರಾಯನಪುರದಲ್ಲಿ ರೂಮು ಮಾಡಿಕೊಂಡಿದ್ದ ಅವನು ಒಮ್ಮೆ ಬಗ್ಗಿ ನೋಡಿ, "ಖರೇ ಐತ್ರಿ ಅಕ್ಕಾರ. ಎಂಟು ದಿನಾ ಆತು, ಗಾಡಿ ಎಡಕ್ಕ ಎಳ್ಯಾಕತ್ತೈತಿ. ಪಾಟಾ ಮುರದೈತ್ರಿ," ಅಂದ.

ಹೆಬ್ಬಾಳದ ಹತ್ತಿರ ಒಂದು ವರ್ಕ್‌ಶಾಪಿಗೆ ತೋರಿಸಿದರು. ಅಲ್ಲಿಯವರು ಹೆಚ್ಚು ನೋಡಲಿಲ್ಲ. ಹಳೆಯದನ್ನು ಪೂರ್ತಿ ಬಿಚ್ಚಿ ಬಿಸಾಕಿ, ಎರಡೂ ಕಡೆ ಹೊಸ ಸೆಟ್ ಹಾಕಿ, ಮೇಲೆ ಇನ್ನೆರಡೆರಡು ಪಟ್ಟಿ ಸೇರಿಸಿಬಿಡೋಣ, ಎಷ್ಟು ಬೇಕಾದರೂ ಲೋಡ್ ತುಂಬಬಹುದು ಅಂದರು. ಸ್ಟೇಜಿನ ಕಬ್ಬಿಣವನ್ನೂ ಒಂದೇ ಸಲಕ್ಕೆ ಸಾಗಿಸಬಹುದೆಂದು ಆಶಾರಾಣಿಗೆ ಆಸೆಯಾಯಿತು.

"ಒಂದ್ಸಲ ಯಶವಂತಪುರಕ್ಕೆ ತೋರ್ಸಾನ," ಅಂದಳು ಅಂಜನಮ್ಮ.

"ಆ ಟ್ರಾಫಿಕ್ಕಲ್ಲಿ ಅಷ್ಟು ದೂರ ಯಾಕಮ್ಮ? ಇಲ್ಲೇ ಮಾಡಿಕೊಡ್ತಾರಲ್ಲ."

ಜಗಲಿಯ ಕುರ್ಚಿಯಲ್ಲಿ ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದ ಆವಲಪ್ಪ ನಡುವೆ ಬಾಯಿ ಹಾಕಿದ. "ಆ ಗಾಡಿ ಸ್ಪ್ರಿಂಗು ಕಟ್ಟಿದೋರು ಅವ್ರು. ನಿಮ್ಮಮ್ಮ ಹೇಳ್ದಂಗೆ ಅಲ್ಲಿಗೇ ಓಗ್ರಿ."

ಹೆಂಡತಿ ಲಾರಿಯ ಚಿಂತೆಯಿಂದ ಹೀಗೆ ಹೇಳುತ್ತಿದ್ದಾಳೆಂದು ಅವನು ತಿಳಿದಿದ್ದ. ಅಂಜನಮ್ಮ ಅದನ್ನು ತಿದ್ದಲು ಹೋಗಲಿಲ್ಲ.

ಆಶಾರಾಣಿ ಇನ್ನೂ ಕೂಸಾಗಿದ್ದ ಕಾಲದಲ್ಲಿ ಆವಲಪ್ಪ ಬೆಟ್ಟಹಲಸೂರಿನ ಕ್ವಾರಿಯಿಂದ ಲಾರಿಯಲ್ಲಿ ಸೈಜುಗಲ್ಲು ಹೊಡೆಯುತ್ತಿದ್ದ. ಯಲಹಂಕದಲ್ಲಿ, ಆರ್.ಟಿ. ನಗರದಲ್ಲಿ ಎಲ್ಲಿ ನೋಡಿದರೂ ಪಾಯ ತೋಡುತ್ತಿದ್ದರು. ಅವನ ಕ್ಲೀನರ್ ಬಸ್ಸಿನ ಕೆಲಸ ಸಿಕ್ಕಿತೆಂದು ಬಿಟ್ಟುಹೋದ. ಬೇರೆಯವರು ಸಿಗುವ ತನಕ ಎಂದುಕೊಂಡು ಅಂಜನಮ್ಮ ಕೂಸನ್ನು ಅತ್ತೆಗೊಪ್ಪಿಸಿ, ಸೆರಗು ಸಿಕ್ಕಿಸಿ, ಲಾರಿ ಹತ್ತಿದಳು. ಬೇರೆಯವರು ಸಿಗಲೇ ಇಲ್ಲ. ಲಾರಿ ಹಿಂದೆ ಸರಿಯುವಾಗ ಅವಳು ಕೆಳಗಿಳಿದು ಬಾಡಿ ತಟ್ಟುತ್ತ "ಬರ್ಲಿ, ಬರ್ಲಿ" ಅನ್ನುತ್ತಿದ್ದಳು. ಇಳಿಜಾರಿನಲ್ಲಿ ನಿಲ್ಲಿಸಿದರೆ ಚಕ್ರಕ್ಕೆ ಕಲ್ಲು ಕೊಡುತ್ತಿದ್ದಳು. ಊರಿನವರು ಸ್ವಲ್ಪ ದಿನ ನಕ್ಕರು, ಆಮೇಲೆ ಅವರಿಗೇ ಬೇಜಾರಾಗಿ ಸುಮ್ಮನಾದರು.

ಕ್ವಾರಿಯ ದಾರಿ ಅಂದರೆ ಹಳ್ಳ ಮತ್ತು ಬಂಡೆ. ತುಂಬಿದ ಲಾರಿ ಹಳ್ಳಕ್ಕಿಳಿದಾಗ ಕೆಲವೊಮ್ಮೆ ಪಟಾಕಿ ಸಿಡಿದ ಹಾಗೆ ಒಂದು ಸದ್ದು ಬರುತ್ತಿತ್ತು. ಆವಲಪ್ಪ ಸ್ಟೇರಿಂಗಿಗೆ ಗುದ್ದಿ, ಕ್ವಾರಿಯವನಿಗೂ ರಸ್ತೆಗೂ ಸೇರಿಸಿ ಬೈಯುತ್ತಿದ್ದ. ಅಂಜನಮ್ಮ ಮಾತ್ರ ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಳ್ಳುತ್ತಿದ್ದಳು, ನಗು ಅವನಿಗೆ ಕಾಣದಿರಲಿ ಎಂದು. ಪಟ್ಟಿ ಮುರಿಯಿತು ಅಂದರೆ ಮಾರನೇ ದಿನ ಪೂರ್ತಿ ಯಶವಂತಪುರದಲ್ಲಿ. ಯಶವಂತಪುರ ಅಂದರೆ ಮೆಹಬೂಬ್ ಬೀ.

ಮೆಹಬೂಬ್ ಬೀಯ ಗಂಡ ರಜಾಕ್ ಸಾಬರದು ಸ್ಪ್ರಿಂಗ್ ಅಂಗಡಿ. ಮುಂದೆ ಕುಲುಮೆ, ಹಿಂದೆ ಎರಡು ಕೋಣೆಯ ಮನೆ. ಕುಲುಮೆಗೆ ಗಾಳಿ ಹಾಕುವ ಚಕ್ರವನ್ನು ತಿರುಗಿಸುವುದು ಮೆಹಬೂಬ್ ಬೀಯ ಕೆಲಸ. ಅಂಜನಮ್ಮ ಹೋದ ದಿನ ಇಬ್ಬರೂ ಸರದಿಯಲ್ಲಿ ತಿರುಗಿಸುತ್ತಿದ್ದರು. ಚಳಿಗಾಲವಾದರೆ ಅಂಜನಮ್ಮ ಹೊಲದ ಬದುವಿನ ಅವರೆಕಾಯಿಯನ್ನು ಚೀಲದಲ್ಲಿ ತುಂಬಿಕೊಂಡು ಹೋಗುತ್ತಿದ್ದಳು. ಕಾದ ಪಟ್ಟಿಗಳು ತಣಿಯುವ ತನಕ ಇಬ್ಬರೂ ಗೋಡೆಗೊರಗಿ ಕೂತು ಕಾಯಿ ಸುಲಿಯುತ್ತ, ಅತ್ತೆಯರ ಬಗ್ಗೆ, ಹೆರಿಗೆಗಳ ಬಗ್ಗೆ, ಗಂಡಂದಿರ ಕೋಪದ ಬಗ್ಗೆ ಮಾತಾಡುತ್ತಿದ್ದರು. ಮೆಹಬೂಬ್ ಬೀಯ ಪುಟ್ಟ ಮಗಳು ಕುಲ್ಸುಮ್ ಅಂಜನಮ್ಮನ ಮುಂದೆ ಬಂದು ಬೆನ್ನು ಮಾಡಿ ಕೂರುತ್ತಿದ್ದಳು, ಜಡೆ ಹೆಣೆಸಿಕೊಳ್ಳಲು.

ಪಟ್ಟಿಯ ಸದ್ದು ಕೇಳುವುದನ್ನು ಅವಳಿಗೆ ಕಲಿಸಿದವಳೂ ಮೆಹಬೂಬ್ ಬೀಯೇ. ಪಟ್ಟಿಯನ್ನು ತಂತಿಯಲ್ಲಿ ತೂಗುಹಾಕಿ ಸುತ್ತಿಗೆಯಿಂದ ಮೆಲ್ಲಗೆ ಹೊಡೆಯಬೇಕು. ಗಂಟೆಯ ಹಾಗೆ ಅನುರಣಿಸಿದರೆ ಅದು ಗಟ್ಟಿ. ಬಿರುಕುಬಿಟ್ಟ ಮಡಕೆಯ ಹಾಗೆ ಮೊಂಡಾಗಿ ನಿಂತುಹೋದರೆ ಒಳಗೆಲ್ಲೋ ಒಡೆದಿದೆ, ಕಣ್ಣಿಗೆ ಕಾಣದಿದ್ದರೂ.

ಕ್ವಾರಿಯ ಕೆಲಸ ಕಡಿಮೆಯಾದ ಮೇಲೆ ಆವಲಪ್ಪ ತರಕಾರಿ ಹೊಡೆದ, ಇಟ್ಟಿಗೆ ಹೊಡೆದ. ಕೊನೆಗೆ ಮಗಳ ಕುರ್ಚಿ, ಶಾಮಿಯಾನ ಬಂದವು. ರಸ್ತೆಗಳಿಗೆ ಟಾರು ಬಿತ್ತು, ಮೇಲ್ಸೇತುವೆಗಳೆದ್ದವು. ಪಟ್ಟಿ ಮುರಿಯುವುದು ನಿಂತಿತು. ಕಾರಣವಿಲ್ಲದೆ ಅಷ್ಟು ದೂರ ಹೋಗುವ ರೂಢಿ ಆಗಿನ ಹೆಂಗಸರಿಗೆ ಇರಲಿಲ್ಲ, ಇಬ್ಬರ ಮನೆಯಲ್ಲೂ ಫೋನಿರಲಿಲ್ಲ. ರಜಾಕ್ ಸಾಬರು ತೀರಿಕೊಂಡ ಸುದ್ದಿ ಯಾವನೋ ಲಾರಿ ಡ್ರೈವರನ ಬಾಯಿಂದ ತಿಳಿಯುವ ಹೊತ್ತಿಗೆ ತಿಂಗಳುಗಳೇ ಕಳೆದಿದ್ದವು. ಮುಂದೆ ಎಷ್ಟೋ ಸಲ ಅಂಜನಮ್ಮ ಬಸ್ಸಿನಲ್ಲಿ ಯಶವಂತಪುರದ ಮೇಲ್ಸೇತುವೆ ದಾಟಿದಳು. ಕಿಟಕಿಯಿಂದ ಬಗ್ಗಿ ನೋಡಿದರೆ ಕೆಳಗೆ ತಗಡು, ನೀಲಿ ಟಾರ್ಪಾಲು. ಬಸ್ಸು ಸೇತುವೆಯ ಮೇಲೆ ನಿಲ್ಲುವುದಿಲ್ಲವಲ್ಲ.

ಮಂಗಳವಾರ ಬಾಡಿಗೆ ಇರಲಿಲ್ಲ. ಟ್ರಾಫಿಕ್ ಏರುವ ಮುನ್ನ ಹೊರಟರು. ಚನ್ನಪ್ಪ ಓಡಿಸಿದ, ಆಶಾರಾಣಿ ನಡುವೆ ಕೂತಳು, ಅಂಜನಮ್ಮ ತನ್ನ ಹಳೆಯ ಜಾಗದಲ್ಲಿ, ಎಡಗಡೆಯ ಕಿಟಕಿಯ ಪಕ್ಕ. ಬಿಇಎಲ್ ಸರ್ಕಲ್ ದಾಟುವಾಗ ಒಂದು ಹಂಪಿನ ಮೇಲೆ ಲಾರಿ ಹಾರಿ ಬಿದ್ದು ಕೆಳಗೆ ಕಬ್ಬಿಣಕ್ಕೆ ಕಬ್ಬಿಣ ಬಡಿಯಿತು.

"ಮೆಲ್ಲಗಪ್ಪ," ಅಂದಳು ಅಂಜನಮ್ಮ. "ಆಕ್ಸಲ್ಲು ಚಾಸಿಗೇ ಒಡೀತಾ ಐತೆ."

ಅಂಗಡಿ ಇದ್ದ ಜಾಗದಲ್ಲಿ ಟೈಲ್ಸ್ ಶೋರೂಮ್ ಎದ್ದಿತ್ತು. ಗಾಜಿನ ಬಾಗಿಲಿಗೆ ಇನ್ನೂ ಬೀಗ. ಅಂಜನಮ್ಮ ಕೆಳಗಿಳಿದು ಆ ಕಡೆ ಈ ಕಡೆ ನೋಡಿದಳು. ಅಂಗಡಿಯ ಮುಂದಿದ್ದ ಹುಣಸೆಮರವೂ ಇರಲಿಲ್ಲ.

"ಹೋಗ್ಲಿ ಬಾಮ್ಮ, ಹೆಬ್ಬಾಳದಲ್ಲೇ ಮಾಡಿಸೋಣ," ಅಂದಳು ಆಶಾರಾಣಿ. ಆದರೆ ತಾಯಿಯ ಮುಖ ನೋಡಿ, ತಾನೇ ಇಳಿದು ಪಕ್ಕದ ಟೈರ್ ಅಂಗಡಿಯವನನ್ನು ವಿಚಾರಿಸಿ ಬಂದಳು. "ಸ್ಪ್ರಿಂಗ್ ಕುಲ್ಸುಮ್ ಅಕ್ಕ ಅಂತೆ. ಯಾರ್ಡ್ ಹಿಂದೆ ಶೆಡ್ ಹಾಕಿದಾರಂತೆ. ನಡಿ."

ಎಪಿಎಂಸಿ ಯಾರ್ಡಿನ ಹಿಂದೆ, ಈರುಳ್ಳಿ ಸಿಪ್ಪೆ ಹಾರಾಡುವ ಗಲ್ಲಿಯಲ್ಲಿ ಒಂದು ಉದ್ದನೆಯ ತಗಡಿನ ಶೆಡ್. ಚೂಡಿದಾರದ ಮೇಲೆ ತುಂಬುತೋಳಿನ ಗಂಡಸರ ಶರ್ಟು ಹಾಕಿಕೊಂಡ ಹೆಂಗಸೊಬ್ಬಳು ಇಬ್ಬರು ಕೆಲಸಗಾರರಿಗೆ ಏನೋ ಹೇಳುತ್ತಿದ್ದಳು. ಬಾಗಿಲ ಪಕ್ಕದ ಹಲಗೆ ಮಂಚದ ಮೇಲೆ ಮುದುಕಿಯೊಬ್ಬಳು ನಟ್ಟು ಬೋಲ್ಟುಗಳನ್ನು ಅಳತೆ ನೋಡಿ ಡಬ್ಬಗಳಿಗೆ ಹಾಕುತ್ತಿದ್ದಳು. ಲಾರಿ ಬಂದು ನಿಂತಾಗ ಮುದುಕಿ ತಲೆಯೆತ್ತಿ, ಮನುಷ್ಯರನ್ನು ನೋಡದೆ ಲಾರಿಯನ್ನೇ ನೋಡಿದಳು.

"ಆವಲಪ್ಪನ ಗಾಡಿ," ಅಂದಳು ಜೋರಾಗಿ. ಆಮೇಲೆ ಇಳಿಯುತ್ತಿದ್ದವಳ ಕಡೆ ಕಣ್ಣು ಕಿರಿದು ಮಾಡಿದಳು. "ಅಂಜನಮ್ಮ, ನೀನಾ?"

ಅಂಜನಮ್ಮ ಹೌದೆಂದು ತಲೆಯಾಡಿಸಿದಳು. ಹೋಗಿ ಮಂಚದ ಮೇಲೆ ಕೂತು ಅವಳ ಕೈ ಹಿಡಿದುಕೊಂಡಳು. ಗ್ರೀಸು ಇಬ್ಬರ ಕೈಗೂ ಆಯಿತು.

"ಸಾಬರ ಸುದ್ದಿ ತಡವಾಗಿ ಗೊತ್ತಾಯ್ತು ಮೆಹಬೂಬಕ್ಕ," ಅಂದಳು.

ಮೆಹಬೂಬ್ ಬೀ ಕಿವಿಗೆ ಕೈ ಇಟ್ಟು ಆಡಿಸಿ ತೋರಿಸಿದಳು. ಶರ್ಟು ಹಾಕಿಕೊಂಡಿದ್ದ ಹೆಂಗಸು ಹತ್ತಿರ ಬಂದು ಹೇಳಿದಳು, "ಅಮ್ಮಿಗೆ ಕೇಳಿಸಲ್ಲ ಖಾಲಾ. ಸುತ್ತಿಗೆ ಸದ್ದಲ್ಲೇ ಜೀವನ ಕಳೆದ್ರಲ್ಲ. ಮುಖ ನೋಡಿಕೊಂಡು ಮಾತಾಡಿ, ತುಟಿ ನೋಡಿ ತಿಳ್ಕೋತಾರೆ." ಖಾಲಾ ಅಂದರೆ ಚಿಕ್ಕಮ್ಮ. ಜಡೆ ಹೆಣೆಸಿಕೊಳ್ಳುತ್ತಿದ್ದ ದಿನಗಳ ಆ ಕರೆಯಿಂದಲೇ ಇವಳು ಕುಲ್ಸುಮ್ ಎಂದು ಅಂಜನಮ್ಮನಿಗೆ ಗೊತ್ತಾಯಿತು. ಅವಳ ತಲೆಯಲ್ಲಿ ಈಗ ನರೆ ಇಣುಕುತ್ತಿತ್ತು.

ಕುಲ್ಸುಮ್ ಲಾರಿಯನ್ನು ಸಮನಾದ ನೆಲದ ಮೇಲೆ ನಿಲ್ಲಿಸಲು ಹೇಳಿ ಕೆಳಗೆ ನುಗ್ಗಿದಳು. ಟಾರ್ಚು ಹಿಡಿದು ಬಹಳ ಹೊತ್ತು ನೋಡಿದಳು. ಈಚೆ ಬಂದು ಆಶಾರಾಣಿಗೆ ಹೇಳಿದಳು, "ಎಡಗಡೆ ಮೇನ್ ಪಟ್ಟಿ ಹೋಗಿದೆ. ಅದರ ಕೆಳಗಿನ ಪಟ್ಟಿಗಳ ತುದಿ ಸವೆದು ಒಂದಕ್ಕೊಂದು ಹಳ್ಳ ಕೊರೆದಿವೆ. ಸೆಂಟರ್ ಬೋಲ್ಟೂ ಅಲ್ಲಾಡ್ತಿದೆ, ಅದಕ್ಕೇ ಆಕ್ಸಲ್ ಸರಿದು ಗಾಡಿ ಎಳೀತಿರೋದು. ಬಲಗಡೆ ಮುರಿದಿಲ್ಲ, ಆದ್ರೆ ಬಾಗು ಇಳಿದಿದೆ."

"ಅಂದ್ರೆ ಎಡಗಡೆ ಒಂದಕ್ಕೆ ಹೊಸದು ಹಾಕಿದ್ರೆ ಸಾಕಾ ಅಕ್ಕ?"

"ಬೇಡ. ಒಂದ್ ಕಡೆ ಹೊಸದು, ಒಂದ್ ಕಡೆ ಹಳೇದು ಇಟ್ರೆ ನಾಳೆ ಬಲಕ್ಕೆ ವಾಲುತ್ತೆ. ಎರಡೂ ಬಿಚ್ಚೋಣ. ಕೆಟ್ಟಿದ್ದು ತೆಗೆದು, ಚೆನ್ನಾಗಿರೋದಕ್ಕೆ ಮತ್ತೆ ಬಾಗು ಕೊಟ್ಟು ಜೋಡಿಸ್ತೀನಿ."

ಆಶಾರಾಣಿ ಹೆಬ್ಬಾಳದವರು ಹೇಳಿದ ಎಕ್ಸ್‌ಟ್ರಾ ಪಟ್ಟಿಗಳ ವಿಷಯ ತೆಗೆದಳು. ಕುಲ್ಸುಮ್ ಯೋಚಿಸಿದಳು. "ಹಾಕಬಹುದು. ಕಲ್ಲು ಹೊಡೀತೀರಾ?"

"ಇಲ್ಲ, ಕುರ್ಚಿ, ಪಾತ್ರೆ. ಸ್ಟೇಜ್ ಕಬ್ಬಿಣ ಒಂದೊಂದ್ಸಲ."

"ಹಂಗಾದ್ರೆ ಗಾಡಿ ಗಟ್ಟಿಯಾಗಿ ಕುದುರೆ ತರ ಎಗರುತ್ತೆ. ಪಾತ್ರೆ ಎಲ್ಲಾ ನೆಗ್ಗುತ್ತೆ. ಚಾಸಿನೂ ಹಳೇದು. ಕಬ್ಬಿಣ ಎರಡು ಟ್ರಿಪ್ ಮಾಡಿ."

ಆಶಾರಾಣಿ ಚನ್ನಪ್ಪನ ಮುಖ ನೋಡಿದಳು. ಅವನು ತಲೆಯಾಡಿಸಿದ. ಕೆಲಸ ಶುರುವಾಯಿತು.

ಜಾಕ್ ಕೊಟ್ಟು ಲಾರಿಯನ್ನೆತ್ತಿ ದಪ್ಪ ಮರದ ದಿಮ್ಮಿಗಳ ಮೇಲೆ ಕೂರಿಸಿದರು. ಆಕ್ಸಲ್ಲಿಗೆ ಕಟ್ಟನ್ನು ಬಿಗಿದಿದ್ದ ಯು-ಬೋಲ್ಟುಗಳು ತುಕ್ಕು ಹಿಡಿದು ಮಿಸುಕಲಿಲ್ಲ. ಗ್ಯಾಸ್ ಉರಿ ಹಿಡಿದು ಕೆಂಪಗೆ ಕಾಯಿಸಿದ ಮೇಲೆ ಕಿರ್ರೆಂದು ಬಿಟ್ಟುಕೊಂಡವು. ಎರಡೂ ಕಟ್ಟುಗಳನ್ನು ಇಳಿಸಿ, ಬಿಚ್ಚಿ, ಪಟ್ಟಿಗಳನ್ನು ಡೀಸೆಲ್ಲಿನಲ್ಲಿ ತೊಳೆದು ತಂತಿ ಬ್ರಷ್ಷಿನಿಂದ ಉಜ್ಜಿ ಸಾಲಾಗಿ ಇಟ್ಟರು. ಮೆಹಬೂಬ್ ಬೀ ಮಂಚದಿಂದಿಳಿದು, ಸಾಲಿನ ಪಕ್ಕ ನಿಧಾನವಾಗಿ ನಡೆದಳು. ಎರಡು ಪಟ್ಟಿಗಳ ಮುಂದೆ ನಿಂತಳು. ಅವುಗಳ ತುದಿಯಲ್ಲಿ ಮೊಳೆಯಿಂದ ಚುಚ್ಚಿದ ಹಾಗೆ ಮೂರು ಚುಕ್ಕೆಗಳಿದ್ದವು.

"ನಮ್ಮವರದು," ಅಂದಳು. "ಇದು ಅವರ ಗುರುತು."

ಉಳಿದವೆಲ್ಲ ಸವೆದಂತೆ ಆವಲಪ್ಪ ಆಮೇಲೆ ಬೇರೆ ಬೇರೆ ಕಡೆ ಹಾಕಿಸಿದವು. ಈ ಎರಡು ಮಾತ್ರ ಕಲ್ಲು ಹೊಡೆದ ಕಾಲದಿಂದ ಇಲ್ಲಿಯ ತನಕ ಬಂದಿದ್ದವು.

ಶೆಡ್ಡಿನ ತೊಲೆಗೆ ತಂತಿ ಕಟ್ಟಿ ಒಂದೊಂದೇ ಪಟ್ಟಿಯನ್ನು ತೂಗುಹಾಕಿ ಕುಲ್ಸುಮ್ ಸುತ್ತಿಗೆಯಿಂದ ತಟ್ಟತೊಡಗಿದಳು. "ಖಾಲಾ, ನೀವೂ ಕೇಳಿ. ಅಮ್ಮಿ ಹೇಳ್ತಿರ್ತಾರೆ, ನಿಮ್ಮ ಕಿವಿ ಚೆನ್ನಾಗಿದೆ ಅಂತ."

ಅಂಜನಮ್ಮ ಪಕ್ಕದಲ್ಲಿ ನಿಂತಳು. ಮೆಹಬೂಬ್ ಬೀ ಎದುರಿಗೆ ನಿಂತು ಅವಳ ಮುಖವನ್ನೇ ನೋಡುತ್ತಿದ್ದಳು. ಮೊದಲನೆಯದು ಮೊಂಡು. ಅಂಜನಮ್ಮ ಕೈಯಾಡಿಸಿದಳು, ಪಟ್ಟಿ ಗುಜರಿಯ ಗುಡ್ಡೆಗೆ ಹೋಯಿತು. ಮುಂದಿನದು ಚೆನ್ನಾಗಿ ಮೊಳಗಿತು. ಹೀಗೆ ಒಂದೊಂದಾಗಿ ಗಟ್ಟಿಯವು ಒಂದು ಕಡೆ, ಕೆಟ್ಟವು ಒಂದು ಕಡೆ ಆದವು. ಚುಕ್ಕೆಯ ಪಟ್ಟಿಗಳಲ್ಲಿ ಒಂದಕ್ಕೆ ಹೊಡೆದಾಗ ಸದ್ದು ಶೆಡ್ಡಿನ ಆ ತುದಿಯ ತನಕ ಹೋಗಿ ಬಂದಿತು. ಅಂಜನಮ್ಮ ನಕ್ಕಳು, ಮೆಹಬೂಬ್ ಬೀಯೂ ನಕ್ಕಳು.

ಎರಡನೆಯದಕ್ಕೆ ಕುಲ್ಸುಮ್ ಸುತ್ತಿಗೆ ತಾಕಿಸಿದಳು. ಸದ್ದು ಹೊರಟ ಹಾಗೆ ಮಾಡಿ ಅಲ್ಲೇ ಸತ್ತಿತು. ಅವಳು ಮತ್ತೊಮ್ಮೆ ಹೊಡೆದು, ಅಂಜನಮ್ಮನ ಕಡೆ ತಿರುಗಿದಳು.

ಮೆಹಬೂಬ್ ಬೀ ಎವೆಯಿಕ್ಕದೆ ನೋಡುತ್ತಿದ್ದಳು. ಅವಳಿಗೆ ಕೇಳಿಸಿಲ್ಲ. ಚೆನ್ನಾಗಿದೆ ಎಂದು ಒಂದು ಸಲ ತಲೆಯಾಡಿಸಿದರೆ ಆಯಿತು, ಗಂಡನ ಕೈಕೆಲಸ ಇನ್ನೂ ಓಡಾಡುತ್ತಿದೆ ಎಂದು ಆ ಜೀವಕ್ಕೆ ಸಮಾಧಾನ. ಹಿಂದಿನಿಂದ ಕುಲ್ಸುಮ್ ಸದ್ದಿಲ್ಲದೆ ಅದನ್ನು ತೆಗೆದಿಡಬಹುದು. ಅಂಜನಮ್ಮ ತಲೆಯಾಡಿಸಲು ನೋಡಿದಳು. ಕತ್ತು ಬಗ್ಗಲಿಲ್ಲ.

"ಒಡೆದಿದೆ ಅಲ್ವಾ?" ಅಂದಳು ಮೆಹಬೂಬ್ ಬೀ. "ನಿನ್ನ ಮುಖದಲ್ಲೇ ಕೇಳಿಸ್ತು."

ಅಂಜನಮ್ಮ ಮೊದಲಿನಂತೆ ಕೈಯಾಡಿಸಿದಳು.

"ತೆಗಿ ಕುಲ್ಸುಮ್. ಗಾಡೀಲಿ ಜನ ಕೂತಿರ್ತಾರೆ." ಮುದುಕಿ ಪಟ್ಟಿಯ ಹತ್ತಿರ ಹೋಗಿ ಚುಕ್ಕೆಗಳ ಮೇಲೆ ಹೆಬ್ಬೆರಳಾಡಿಸಿದಳು. "ಎಷ್ಟು ಕಾಲ ಬಾಳಿದೆ ನೋಡು. ಅವರಿದ್ದಿದ್ರೆ ಅವರೂ ಇದನ್ನ ಬಿಸಾಕ್ತಿದ್ರು."

ಮಧ್ಯಾಹ್ನ ಪಟ್ಟಿಗಳು ಕುಲುಮೆಯಲ್ಲಿ ಕಾದು, ಅಚ್ಚಿನ ಮೇಲೆ ಬಡಿಸಿಕೊಂಡು, ಎಣ್ಣೆಯಲ್ಲಿ ಮುಳುಗಿ ಬುಸುಗುಡುತ್ತಿದ್ದವು. ಆಶಾರಾಣಿ ಫೋನಿನಲ್ಲಿ ಮದುವೆಮನೆಯವರ ಜೊತೆ ಪಾತ್ರೆಯ ಲೆಕ್ಕ ಮಾತಾಡುತ್ತ ಓಡಾಡುತ್ತಿದ್ದಳು. ಗೆಳತಿಯರಿಬ್ಬರೂ ಮಂಚದ ಮೇಲೆ ಒಂದೇ ಡಬ್ಬಿಯಿಂದ ಚಿತ್ರಾನ್ನ ತಿಂದರು. ಅಂಜನಮ್ಮ ಗೆಳತಿಯ ಮುಖಕ್ಕೆ ಮುಖ ಕೊಟ್ಟು, ತುಟಿ ಬಿಡಿಸಿ ಬಿಡಿಸಿ ಹೇಳಿದಳು, "ಮೆಹಬೂಬಕ್ಕ, ಆಗೆಲ್ಲ ಪಟ್ಟಿ ಮುರಿದ್ರೆ ನಂಗೆ ಖುಷಿ ಆಗ್ತಿತ್ತು. ಇವ್ರು ಬೈತಾ ಇದ್ರೆ ನಾನು ಕಿಟಕೀಲಿ ನಗ್ತಿದ್ದೆ."

ಮೆಹಬೂಬ್ ಬೀ ಅದನ್ನು ಎರಡು ಸಲ ಹೇಳಿಸಿದಳು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು. "ನಾನು ನಮ್ಮವರಿಗೆ ಹೇಳ್ತಿದ್ದೆ, ಆವಲಪ್ಪನ ಗಾಡಿಗೆ ಅಷ್ಟು ಗಟ್ಟಿ ಮಾಡ್ಬೇಡಿ ಅಂತ. ಕೇಳ್ತಿರ್ಲಿಲ್ಲ ಮಾ. ಕೆಲಸ ಅಂದ್ರೆ ಕೆಲಸ ಅವರಿಗೆ."

ಸಂಜೆಗೆ ಹೊಸ ಮೇನ್ ಪಟ್ಟಿಯ ಕೆಳಗೆ ಹಳೆಯವು, ನಡುವೆ ಗ್ರೀಸು, ಹೊಸ ಬೋಲ್ಟುಗಳು. ದಿಮ್ಮಿ ತೆಗೆದಾಗ ಲಾರಿ ಒಮ್ಮೆ ಮೆಲ್ಲಗೆ ಕುಣಿದು ನೆಟ್ಟಗೆ ನಿಂತಿತು. ಅಂಜನಮ್ಮ ಎರಡೂ ಕಡೆ ಗೇಣು ಹಾಕಿ ನೋಡಿದಳು. ಸಮವಾಗಿತ್ತು. ಅದನ್ನು ನೋಡಿ ಅವಳಿಗೆ ಸಂತೋಷವೂ ಆಯಿತು, ಮನಸ್ಸು ಸ್ವಲ್ಪ ಇಳಿದೂ ಹೋಯಿತು. ಈ ಕಟ್ಟು ಇನ್ನು ಹತ್ತು ವರ್ಷಕ್ಕೂ ಅಲ್ಲಾಡುವ ಹಾಗೆ ಕಾಣಲಿಲ್ಲ.

"ಒಂದು ವಾರ ಓಡಿಸಿ ಯು-ಬೋಲ್ಟ್ ಮತ್ತೆ ಬಿಗಿ ಮಾಡಿಸ್ಬೇಕು," ಅಂದಳು ಕುಲ್ಸುಮ್. "ಹೊಸದರಲ್ಲಿ ಸಡಿಲ ಆಗುತ್ತೆ."

ದಾರಿಯಲ್ಲಿ ಆವಲಪ್ಪ ಫೋನು ಮಾಡಿ ಎಲ್ಲ ವಿಚಾರಿಸಿದ. ಯಾವ ಪಟ್ಟಿ ಹೋಯಿತು, ಯಾವುದು ಉಳಿಯಿತು, ಯಾರು ಏನಂದರು. ರಜಾಕ್ ಸಾಬರ ಒಂದು ಪಟ್ಟಿ ಉಳಿದಿದೆ ಎಂದಳು ಅಂಜನಮ್ಮ. "ಆವಯ್ಯ ಅಂಗೇ ಗಟ್ಟಿಯಾಗಿ ಮಾಡ್ತಿದ್ದ," ಅಂದ.

ವಾರ ಕಳೆಯಿತು. ಚನ್ನಪ್ಪ ದೊಡ್ಡ ಸ್ಪ್ಯಾನರ್ ತಂದು ಸೈಟಿನಲ್ಲೇ ಬೋಲ್ಟುಗಳನ್ನು ಬಿಗಿ ಮಾಡಿದ. "ಇಷ್ಟಕ್ಕ ಅಲ್ಲಿತನಕ ಯಾಕ್ ಹೋಗೂದ್ರಿ ಅವ್ವಾರ, ಆತಲ್ಲ," ಅಂದ. ಅಂಜನಮ್ಮ ಹೌದಪ್ಪ ಅಂದಳು. ಲಾರಿ ಪುಟ್ಟೇನಹಳ್ಳಿಯ ಒಂದು ನಾಮಕರಣಕ್ಕೆ ಕುರ್ಚಿ ತುಂಬಿಕೊಂಡು ಹೊರಟಿತು. ಅವಳು ಅದು ತಿರುವು ದಾಟುವ ತನಕ ನೋಡುತ್ತ ನಿಂತಿದ್ದಳು. ಆಮೇಲೆ ಒಳಗೆ ಹೋಗಿ ಸೀರೆ ಬದಲಾಯಿಸಿಕೊಂಡಳು.

"ಎಲ್ಲಿಗೆ?" ಎಂದು ಕೇಳಿದ ಆವಲಪ್ಪ.

"ಯಶವಂತಪುರಕ್ಕೆ."

"ಗಾಡಿ ಓಯ್ತಲ್ಲ?"

"ಬಸ್ಸು ಐತೆ," ಅಂದಳು ಅಂಜನಮ್ಮ.

ಶೆಡ್ಡಿನ ಮುಂದೆ ಅವಳನ್ನು ಕಂಡು ಮೆಹಬೂಬ್ ಬೀ ಮೊದಲು ಅವಳ ಹಿಂದೆ ಗಲ್ಲಿಯನ್ನು ನೋಡಿದಳು. "ಗಾಡಿ ಎಲ್ಲಿ? ಮತ್ತೆ ಏನಾಯ್ತು?"

"ಏನೂ ಆಗಿಲ್ಲ. ನಾನೊಬ್ಳೇ ಬಂದೆ."

ಮೆಹಬೂಬ್ ಬೀ ಅವಳ ತುಟಿಯನ್ನೂ ಕಣ್ಣನ್ನೂ ಸ್ವಲ್ಪ ಹೊತ್ತು ನೋಡಿ, ಬೋಲ್ಟಿನ ಡಬ್ಬಗಳನ್ನು ಸರಿಸಿ ಮಂಚದ ಮೇಲೆ ಜಾಗ ಮಾಡಿದಳು. ಕುಲ್ಸುಮ್ ಟೀ ಹೇಳಿಕಳಿಸಿದಳು. ಮಾತು ಎಲ್ಲೆಲ್ಲೋ ಹೋಯಿತು. ಕಿವಿಯ ಮಷೀನು ಡಬ್ಬಿಯಲ್ಲೇ ಬಿದ್ದಿದೆ, ಹಾಕಿದರೆ ಕುಂಯ್ ಅನ್ನುತ್ತದೆ, ಆರ್.ಟಿ. ನಗರದಲ್ಲಿ ತೋರಿಸಬೇಕು, ಕುಲ್ಸುಮಿಗೆ ಬಿಡುವಿಲ್ಲ ಎಂದು ಮೆಹಬೂಬ್ ಬೀ ಹೇಳಿದಳು.

"ಗುರುವಾರ ಓಗಾನ," ಅಂದಳು ಅಂಜನಮ್ಮ. "ನಾನು ಬರ್ತೀನಿ."

"ಗುರುವಾರ ಬೇಡ, ಅಂಗಡೀಲಿ ಜಾಸ್ತಿ ಗಾಡಿ. ಶುಕ್ರವಾರ ನಮಾಜ್ ಆದ್ಮೇಲೆ."

"ಆಯ್ತು, ಶುಕ್ರವಾರ," ಅಂದು ಅಂಜನಮ್ಮ ಟೀ ಲೋಟ ಕೈಗೆ ತೆಗೆದುಕೊಂಡಳು.